ವಿದೇಶಿ ಹವ್ಯಾಸ ಪತ್ರಿಕೆಯ ಸಂಚಿಕೆ ಕೈಸೇರದಿದ್ದರೆ: ಚಂದಾದಾರರು ತಿಳಿದಿರಬೇಕಾದ ಸಂಗತಿಗಳು

ಅಂಚೆಚೀಟಿ ಸಂಗ್ರಹ, ಹ್ಯಾಮ್ ರೇಡಿಯೋ, ಆಕಾಶ ವೀಕ್ಷಣೆ, ಮಾದರಿ ರೈಲು, ಚದುರಂಗ, ಮರಗೆಲಸ ಮುಂತಾದ ಹವ್ಯಾಸಗಳನ್ನು ಗಂಭೀರವಾಗಿ ರೂಢಿಸಿಕೊಂಡವರು ಇಂದಿಗೂ ಅಮೆರಿಕ, ಬ್ರಿಟನ್, ನೆದರ್ಲೆಂಡ್ಸ್‌ಗಳಿಂದ ಬರುವ ಮುದ್ರಿತ ಪತ್ರಿಕೆಗಳಿಗೆ ಚಂದಾ ಕಟ್ಟುವುದುಂಟು. ಪತ್ರಿಕೆಯ ಬೆಲೆಯ ಮೇಲೆ ವಿದೇಶಿ ಅಂಚೆಯ ವೆಚ್ಚವೂ ಸೇರುವುದರಿಂದ ಒಂದು ವರ್ಷದ ಚಂದಾ ಮಧ್ಯಮ ವರ್ಗದ ಕುಟುಂಬಕ್ಕೆ ಸಣ್ಣ ಮೊತ್ತವೇನಲ್ಲ. ಹೀಗೆ ಮುಂಗಡ ಹಣ ಕೊಟ್ಟು ಕಾದ ಸಂಚಿಕೆ ಬಾರದೇ ಹೋದಾಗ ಯಾರನ್ನು ಕೇಳಬೇಕು, ಎಷ್ಟು ದಿನ ಕಾಯಬೇಕು, ಏನನ್ನು ಬೇಡಬೇಕು ಎಂಬುದು ಹಲವರಿಗೆ ಸ್ಪಷ್ಟವಿರುವುದಿಲ್ಲ.

ನಷ್ಟ ಕೇವಲ ಹಣದ್ದಲ್ಲ. ಹಲವು ಕಂತುಗಳಲ್ಲಿ ಪ್ರಕಟವಾಗುವ ತಾಂತ್ರಿಕ ಲೇಖನದ ಮೂರನೆಯ ಕಂತು ತಪ್ಪಿದರೆ ಉಳಿದ ಕಂತುಗಳೂ ಅರ್ಧ ನಿರುಪಯುಕ್ತ. ಆಕಾಶ ವೀಕ್ಷಣೆಯ ಪತ್ರಿಕೆಯಲ್ಲಿ ಬರುವ ಜೂನ್ ತಿಂಗಳ ನಕ್ಷತ್ರ ನಕ್ಷೆ ಜುಲೈ ಕೊನೆಯಲ್ಲಿ ಕೈಸೇರಿದರೆ ಅದರಿಂದ ಆಗಬೇಕಾದ ಕೆಲಸ ಮುಗಿದುಹೋಗಿರುತ್ತದೆ. ಇಪ್ಪತ್ತು ವರ್ಷದ ಸಂಪುಟಗಳನ್ನು ರಟ್ಟು ಹಾಕಿಸಿ ಇಟ್ಟವರಿಗಂತೂ ಒಂದು ಸಂಚಿಕೆಯ ಕೊರತೆ ಶಾಶ್ವತವಾದ ಕೊರತೆ.

ಇಲ್ಲಿ ಮೊದಲೇ ಮನಗಾಣಬೇಕಾದ ಮಾತೊಂದಿದೆ. ಪ್ರಕಾಶಕರಿಂದ ಅಂಚೆಯವನವರೆಗೆ ಹಲವು ಕೈಗಳನ್ನು ದಾಟಿ ಬರುವ ಪತ್ರಿಕೆ ಕಾಣೆಯಾದರೆ ಆ ಸರಪಳಿಯಲ್ಲಿ ಯಾರಿಗೂ ಅದು ತಿಳಿಯುವುದಿಲ್ಲ. ತಿಳಿಯುವುದು ಓದುಗನಿಗೆ ಮಾತ್ರ. ಅವನು ಲೆಕ್ಕ ಇಡದಿದ್ದರೆ, ಸಕಾಲದಲ್ಲಿ ಬರೆಯದಿದ್ದರೆ, ಸಂಚಿಕೆ ತಲುಪಿದೆಯೆಂದೇ ದಾಖಲೆ ಉಳಿಯುತ್ತದೆ.

ಪತ್ರಿಕೆ ಬರುವ ದಾರಿ

ಬಹುಪಾಲು ಪತ್ರಿಕೆಗಳಲ್ಲಿ ಸಂಪಾದಕೀಯ ಕಚೇರಿಗೂ ಚಂದಾ ವ್ಯವಹಾರಕ್ಕೂ ನೇರ ಸಂಬಂಧವಿಲ್ಲ. ಚಂದಾದಾರರ ಪಟ್ಟಿಯನ್ನು ನೋಡಿಕೊಳ್ಳುವುದು ಪ್ರತ್ಯೇಕ ವಿಭಾಗ ಅಥವಾ ಗುತ್ತಿಗೆ ಪಡೆದ ಬೇರೊಂದು ಸಂಸ್ಥೆ. ನಿಗದಿತ ದಿನಾಂಕದಂದು ಆ ಪಟ್ಟಿ ಮುದ್ರಣಾಲಯಕ್ಕೆ ಹೋಗುತ್ತದೆ. ಅಲ್ಲಿ ವಿಳಾಸ ಚೀಟಿ ಅಂಟಿಸಿದ ಪ್ರತಿಗಳು ವಿದೇಶಿ ಅಂಚೆಯನ್ನು ಒಟ್ಟುಗೂಡಿಸುವ ಮತ್ತೊಂದು ಸಂಸ್ಥೆಯ ಮೂಲಕ ಸಾಗುತ್ತವೆ. ಕಡಿಮೆ ದರಕ್ಕಾಗಿ ಈ ಸಂಸ್ಥೆಗಳು ಪ್ರತಿಗಳನ್ನು ಮೂರನೆಯ ದೇಶಕ್ಕೆ ಒಯ್ದು ಅಲ್ಲಿಂದ ಅಂಚೆಗೆ ಹಾಕುವುದೂ ಉಂಟು. ಅಮೆರಿಕದ ಪತ್ರಿಕೆಯ ಮೇಲೆ ಯೂರೋಪಿನ ಅಂಚೆ ಮುದ್ರೆ ಕಂಡರೆ ಅಚ್ಚರಿಪಡಬೇಕಾಗಿಲ್ಲ.

ಭಾರತಕ್ಕೆ ಬಂದ ಚೀಲಗಳು ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತಗಳಂಥ ವಿನಿಮಯ ಕಚೇರಿಗಳಲ್ಲಿ ಸುಂಕ ಇಲಾಖೆಯ ಕಣ್ಣಿಗೆ ಬಿದ್ದು, ವಿಂಗಡಣೆಯಾಗಿ, ಬಟವಾಡೆ ಅಂಚೆ ಕಚೇರಿಗೆ ಬರುತ್ತವೆ. ಬೆಂಗಳೂರಿನಲ್ಲಿಯೂ ವಿದೇಶ ಅಂಚೆ ಕಚೇರಿಯೊಂದಿದೆ.

ಈ ಪ್ರಯಾಣದುದ್ದಕ್ಕೂ ಪತ್ರಿಕೆಗೆ ಗುರುತಿನ ಸಂಖ್ಯೆ ಇರುವುದಿಲ್ಲ. ನೋಂದಾಯಿತ ಅಂಚೆಗೆ ಅಥವಾ ಪಾರ್ಸೆಲ್‌ಗೆ ವಿಶ್ವ ಅಂಚೆ ಒಕ್ಕೂಟ ನಿಗದಿಪಡಿಸಿದ 13 ಅಂಕಿ-ಅಕ್ಷರಗಳ ಸಂಕೇತವಿರುತ್ತದೆ. ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಯಲ್ಲಿ ಕಳುಹಿಸಿದ ದೇಶದ ಎರಡು ಅಕ್ಷರ. ಸಾಮಾನ್ಯ ಮುದ್ರಿತ ಕಾಗದಗಳ ದರದಲ್ಲಿ ಬರುವ ಪತ್ರಿಕೆಗೆ ಇಂಥ ಸಂಕೇತವಿಲ್ಲ. ಹೊದಿಕೆಯ ಮೇಲೆ ಕಾಣುವ ಗೆರೆಗಳ ಗುರುತು ವಿಂಗಡಣೆಯ ಯಂತ್ರಕ್ಕಾಗಿ ಇರುವಂಥದ್ದು. ಅದರಿಂದ ಪತ್ರಿಕೆಯ ಜಾಡು ಹಿಡಿಯಲಾಗದು.

ತಡವೋ, ಕಾಣೆಯೋ?

ದೂರು ಬರೆಯುವ ಮುನ್ನ ಸಂಚಿಕೆ ನಿಜಕ್ಕೂ ಕಾಣೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಗೊಂದಲಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಮುಖಪುಟದ ತಿಂಗಳು. ಪಾಶ್ಚಾತ್ಯ ಮಾಸಪತ್ರಿಕೆಗಳಲ್ಲಿ ಮುಖಪುಟದ ಮೇಲಿನ ತಿಂಗಳು ಅಂಚೆಗೆ ಹಾಕಿದ ತಿಂಗಳಿಗಿಂತ ಮುಂದಿರುವುದು ವಾಡಿಕೆ. ಜೂನ್ ಸಂಚಿಕೆ ಏಪ್ರಿಲ್ ಕೊನೆಗೋ ಮೇ ಆರಂಭಕ್ಕೋ ಹೊರಟಿರಬಹುದು. ಆದ್ದರಿಂದ ಕಾಯುವ ಅವಧಿಯನ್ನು ಅಂಚೆಗೆ ಹಾಕಿದ ದಿನದಿಂದ ಎಣಿಸಬೇಕೇ ಹೊರತು ಮುಖಪುಟದ ತಿಂಗಳಿಂದಲ್ಲ. ಆ ದಿನಾಂಕವನ್ನು ಚಂದಾ ವಿಭಾಗ ಕೇಳಿದರೆ ತಿಳಿಸುತ್ತದೆ. ವಿದೇಶಿ ಚಂದಾದಾರರು ನಾಲ್ಕರಿಂದ ಎಂಟು ವಾರ ಕಾಯಬೇಕೆಂದು ಪ್ರಕಾಶಕರು ಸಾಮಾನ್ಯವಾಗಿ ಹೇಳುತ್ತಾರೆ.

ಎರಡನೆಯದು ವರ್ಷದ ಸಂಚಿಕೆಗಳ ಸಂಖ್ಯೆ. ಎಲ್ಲ ಪತ್ರಿಕೆಗಳೂ ವರ್ಷಕ್ಕೆ ಹನ್ನೆರಡು ಬಾರಿ ಬರುವುದಿಲ್ಲ. ನೆದರ್ಲೆಂಡ್ಸ್‌ನ ಚದುರಂಗ ಪತ್ರಿಕೆ ನ್ಯೂ ಇನ್ ಚೆಸ್ ವರ್ಷಕ್ಕೆ ಎಂಟು ಸಂಚಿಕೆಗಳನ್ನು ತರುತ್ತದೆ. ಬ್ರಿಟನ್ನಿನ ಕೆಲವು ಪತ್ರಿಕೆಗಳು ನಾಲ್ಕು ವಾರಕ್ಕೊಮ್ಮೆ ಹೊರಬಂದು ವರ್ಷಕ್ಕೆ ಹದಿಮೂರಾಗುತ್ತವೆ. ಎರಡು ತಿಂಗಳಿಗೆ ಸೇರಿಸಿ ಒಂದೇ ಸಂಚಿಕೆ ತರುವ ಪದ್ಧತಿಯೂ ಇದೆ. ಹೀಗಾಗಿ ತಿಂಗಳ ಹೆಸರನ್ನು ನೋಡದೆ ಸಂಪುಟ ಸಂಖ್ಯೆ ಮತ್ತು ಸಂಚಿಕೆ ಸಂಖ್ಯೆಯನ್ನು ನೋಡಬೇಕು. 5ರ ನಂತರ 7 ಬಂದಿದ್ದರೆ ಮಾತ್ರ 6 ಕಾಣೆಯಾಗಿದೆ ಎಂದರ್ಥ. ಆಗಲೂ ಒಂದೆರಡು ವಾರ ಕಾಯುವುದು ಲೇಸು. ಬೇರೆ ಬೇರೆ ಚೀಲಗಳಲ್ಲಿ ಹೊರಟ ಸಂಚಿಕೆಗಳು ಹಿಂದುಮುಂದಾಗಿ ಬರುವುದುಂಟು.

ಇಡೀ ಸಾಗಣೆಯೇ ಸ್ಥಗಿತಗೊಂಡ ಸಂದರ್ಭಗಳೂ ಇವೆ. ಅಮೆರಿಕದ ಅಂಚೆ ಸೇವೆ 2007ರ ಮೇ ತಿಂಗಳಲ್ಲಿ ಹಡಗಿನ ಮೂಲಕ ಸಾಗಿಸುವ ವಿದೇಶಿ ಅಂಚೆಯನ್ನು ಕೈಬಿಟ್ಟಿತು. ಅಂದಿನಿಂದ ಅಲ್ಲಿನ ವಿದೇಶಿ ಅಂಚೆ ವಿಮಾನವನ್ನೇ ನಂಬಿದೆ. ಕೋವಿಡ್ ಕಾರಣದಿಂದ ಭಾರತವು 2020ರ ಮಾರ್ಚ್ 23ರಿಂದ ವೇಳಾಪಟ್ಟಿಯ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿದಾಗ ಪತ್ರಿಕೆಗಳ ಬರವೂ ಅಸ್ತವ್ಯಸ್ತವಾಯಿತು. ಈ ಸಂಚಾರ ಪೂರ್ಣವಾಗಿ ಪುನರಾರಂಭವಾದದ್ದು 2022ರ ಮಾರ್ಚ್ 27ರಂದು.

ರಂಗನಾಥನ್ ತೋರಿದ ದಾರಿ

ಕಾಣೆಯಾದ ಸಂಚಿಕೆಯನ್ನು ಸಕಾಲದಲ್ಲಿ ಪತ್ತೆಹಚ್ಚುವುದು ಗ್ರಂಥಾಲಯಗಳಿಗೆ ಹಳೆಯ ಸಮಸ್ಯೆ. ಬೆಂಗಳೂರಿನಲ್ಲಿ 1962ರಲ್ಲಿ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಸ್ಥಾಪಿಸಿ, 1972ರಲ್ಲಿ ಇದೇ ನಗರದಲ್ಲಿ ನಿಧನರಾದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಇದಕ್ಕಾಗಿ ಮೂರು ಕಾರ್ಡುಗಳ ಪದ್ಧತಿಯನ್ನು ರೂಪಿಸಿದ್ದರು. ಒಂದು ಕಾರ್ಡಿನಲ್ಲಿ ಬಂದ ಸಂಚಿಕೆಗಳ ದಾಖಲೆ. ಮತ್ತೊಂದರಲ್ಲಿ ವಿಷಯವಾರು ಸಂಗ್ರಹದ ವಿವರ. ಮೂರನೆಯದು ತಪಾಸಣೆಯ ಕಾರ್ಡು.

ಪದ್ಧತಿಯ ಜಾಣತನವೆಲ್ಲ ಈ ತಪಾಸಣೆಯ ಕಾರ್ಡಿನಲ್ಲಿದೆ. ಮುಂದಿನ ಸಂಚಿಕೆ ಯಾವ ವಾರ ಬರಬೇಕೋ ಆ ವಾರದ ವಿಭಾಗದಲ್ಲಿ ಕಾರ್ಡನ್ನು ಇಡಲಾಗುತ್ತದೆ. ಸಂಚಿಕೆ ಬಂದರೆ ಕಾರ್ಡು ಅದರ ಮುಂದಿನ ವಾರಕ್ಕೆ ಸರಿಯುತ್ತದೆ. ಬಾರದಿದ್ದರೆ ಕಾರ್ಡು ಕಳೆದುಹೋದ ವಾರದಲ್ಲಿಯೇ ಉಳಿದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಮನೆಯ ಓದುಗರಿಗೆ ಮೂರು ಕಾರ್ಡು ಬೇಕಿಲ್ಲ. ಒಂದು ನೋಟ್‌ಪುಸ್ತಕದ ಪುಟ ಸಾಕು: ಸಂಪುಟ, ಸಂಚಿಕೆ, ಬರಬೇಕಾದ ದಿನ, ಬಂದ ದಿನ, ದೂರು ಬರೆದ ದಿನ. ಮೊಬೈಲ್ ಫೋನಿನ ದಿನಸೂಚಿಯಲ್ಲಿ ನಿರೀಕ್ಷಿತ ದಿನಾಂಕವನ್ನು ಗುರುತು ಮಾಡಿಕೊಂಡರೂ ಆದೀತು. ಒಂದು ವರ್ಷದ ಲೆಕ್ಕವಿದ್ದರೆ ಪತ್ರಿಕೆ ಸಾಮಾನ್ಯವಾಗಿ ಎಷ್ಟು ದಿನದಲ್ಲಿ ತಲುಪುತ್ತದೆ ಎಂಬುದು ಊಹೆಯಾಗಿ ಉಳಿಯದೆ ತಿಳಿವಳಿಕೆಯಾಗುತ್ತದೆ. ದೂರು ಬರೆಯುವಾಗ ಈ ಪುಟವೇ ಸಾಕ್ಷ್ಯ.

ಕಾರಣ ಹುಡುಕುವುದು ಹೇಗೆ?

ಸಂಚಿಕೆಗಳು ತಪ್ಪುವ ಬಗೆಯನ್ನು ನೋಡಿಯೇ ದೋಷ ಎಲ್ಲಿದೆ ಎಂದು ಬಹುಮಟ್ಟಿಗೆ ಊಹಿಸಬಹುದು.

- ವರ್ಷಕ್ಕೊಂದು ಸಂಚಿಕೆ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪಿದರೆ ಅದು ಸಾಗಣೆಯ ನಷ್ಟ.
- ಸತತವಾಗಿ ಎರಡು-ಮೂರು ಸಂಚಿಕೆ ಬಾರದಿದ್ದರೆ ಚಂದಾ ಮುಗಿದಿರಬಹುದು ಅಥವಾ ವಿಳಾಸ ಕೆಟ್ಟಿರಬಹುದು.
- ಎಲ್ಲ ಸಂಚಿಕೆಗಳೂ ಒಂದೇ ಪ್ರಮಾಣದಲ್ಲಿ ತಡವಾದರೆ ಸಾಗಣೆಯ ಮಾರ್ಗ ಬದಲಾಗಿರುತ್ತದೆ.
- ಬೇರೆ ಅಂಚೆಯೂ ಮನೆಗೆ ಸರಿಯಾಗಿ ಬರುತ್ತಿಲ್ಲವಾದರೆ ತೊಂದರೆ ಇರುವುದು ಬಟವಾಡೆಯಲ್ಲಿ.
- ಅದೇ ಪತ್ರಿಕೆಯ ಮತ್ತೊಬ್ಬ ಚಂದಾದಾರರಿಗೂ ಅದೇ ಸಂಚಿಕೆ ಬಂದಿಲ್ಲವಾದರೆ ಇಡೀ ಚೀಲವೇ ತಪ್ಪಿರಬಹುದು ಅಥವಾ ಸಂಚಿಕೆಯೇ ತಡವಾಗಿರಬಹುದು.

ಕೊನೆಯ ಅಂಶವನ್ನು ತಿಳಿಯಲು ಹವ್ಯಾಸಿಗಳ ಸಂಘಗಳು ನೆರವಾಗುತ್ತವೆ. ಕರ್ನಾಟಕ ಅಂಚೆಚೀಟಿ ಸಂಗ್ರಾಹಕರ ಸಂಘ, ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್‌ನಂಥ ಕಡೆಗಳಲ್ಲಿ ಸಹಹವ್ಯಾಸಿಯೊಬ್ಬರನ್ನು ವಿಚಾರಿಸಿದರೆ ವಿದೇಶಕ್ಕೆ ಪತ್ರ ಬರೆಯುವ ಶ್ರಮ ಉಳಿಯಬಹುದು.

ವಿಳಾಸದ ತೊಡಕು

ವಿದೇಶಿ ಸಂಸ್ಥೆಗಳ ವಿಳಾಸ ನಮೂನೆಗಳು ತಮ್ಮ ದೇಶದ ಪದ್ಧತಿಗೆ ಹೊಂದಿಕೊಂಡಿರುತ್ತವೆ. ಒಂದು ಸಾಲಿನಲ್ಲಿ ಇಂತಿಷ್ಟೇ ಅಕ್ಷರ ಎಂಬ ಮಿತಿ ಇರುತ್ತದೆ. ಮುಖ್ಯರಸ್ತೆ, ಅಡ್ಡರಸ್ತೆ, ಹಂತ, ಬ್ಲಾಕ್, ಇಂಥ ದೇವಸ್ಥಾನದ ಹಿಂಭಾಗ ಎಂದೆಲ್ಲ ಬರೆದ ನಮ್ಮ ವಿಳಾಸ ಅಲ್ಲಿ ನಡುವೆಯೇ ತುಂಡಾಗುತ್ತದೆ. ಅಮೆರಿಕದ ಐದು ಅಂಕಿಯ ಸಂಕೇತಕ್ಕೆಂದು ರೂಪಿಸಿದ ಜಾಗದಲ್ಲಿ ನಮ್ಮ ಆರಂಕಿಯ ಪಿನ್‌ಕೋಡ್‌ನ ಕೊನೆಯ ಅಂಕಿ ಬಿದ್ದುಹೋಗುವ ಅಪಾಯವಿದೆ.

ಭಾರತದಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್‌ನ ಅಂಕಿಗಳೇ ವಿಂಗಡಣೆಗೆ ಆಧಾರ. ಊರಿನ ಹೆಸರಿನಲ್ಲಿ ಅಕ್ಷರ ತಪ್ಪಿದರೂ ಪಿನ್ ಸರಿಯಿದ್ದರೆ ಪತ್ರಿಕೆ ಬಟವಾಡೆ ಕಚೇರಿಯನ್ನು ತಲುಪುವ ಸಾಧ್ಯತೆ ಹೆಚ್ಚು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದರೂ ಹಳೆಯ ಚಂದಾದಾರರ ಪಟ್ಟಿಗಳಲ್ಲಿ ಬ್ಯಾಂಗಲೋರ್, ಮೈಸೂರ್, ಬೆಲ್ಗಾಂ ಎಂದೇ ಉಳಿದಿರುವುದುಂಟು. ಅದರಿಂದ ಅಂಥ ಬಾಧಕವಿಲ್ಲ. ಪಿನ್ ತಪ್ಪಾದರೆ ಬಾಧಕವಿದೆ.

ಆದ್ದರಿಂದ ಬಂದ ಸಂಚಿಕೆಯ ಹೊದಿಕೆಯನ್ನು ಎಸೆಯಬಾರದು. ಅದರ ಮೇಲಿನ ಚೀಟಿಯಲ್ಲಿ ನಿಮ್ಮ ವಿಳಾಸ ಅವರ ದಾಖಲೆಯಲ್ಲಿ ಹೇಗಿದೆಯೋ ಹಾಗೆ ಅಚ್ಚಾಗಿರುತ್ತದೆ. ಚಂದಾ ಸಂಖ್ಯೆ ಹಾಗೂ ಚಂದಾ ಮುಗಿಯುವ ತಿಂಗಳು ಸಹ ಸಾಮಾನ್ಯವಾಗಿ ಅದರಲ್ಲಿಯೇ ಇರುತ್ತವೆ. ವಿಳಾಸವನ್ನು ನಾಲ್ಕು ಚಿಕ್ಕ ಸಾಲುಗಳಿಗೆ ಇಳಿಸಿ, ಪಿನ್‌ಕೋಡನ್ನು ಊರಿನ ಹೆಸರಿನ ಸಾಲಿನಲ್ಲಿಯೇ ಬರೆದು ಕಳುಹಿಸುವುದು ಕ್ಷೇಮ. ಮನೆ ಬದಲಿಸುವವರು ಎರಡು ತಿಂಗಳ ಮೊದಲೇ ತಿಳಿಸಬೇಕು. ಮುಂದಿನ ಸಂಚಿಕೆಯ ಪಟ್ಟಿ ಆ ಹೊತ್ತಿಗಾಗಲೇ ಮುದ್ರಣಾಲಯಕ್ಕೆ ಹೋಗಿರುತ್ತದೆ.

ಹಣ ಸಂದಾಯವಾಗಿದೆಯೇ?

ಅಂಚೆಯನ್ನು ದೂರುವ ಮುನ್ನ ಚಂದಾ ಜಾರಿಯಲ್ಲಿದೆಯೇ ಎಂದು ನೋಡಬೇಕು. ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಅನ್ವಯವಾಯಿತು. ಗ್ರಾಹಕರ ಮುಂಗಡ ಒಪ್ಪಿಗೆ ನೋಂದಣಿಯಾಗದ ಕಡಿತಗಳನ್ನು ಬ್ಯಾಂಕುಗಳು ತಿರಸ್ಕರಿಸತೊಡಗಿದವು. ಈ ವ್ಯವಸ್ಥೆಯೊಳಗೆ ಬಾರದ ವಿದೇಶಿ ಪ್ರಕಾಶಕರ ಚಂದಾ ನವೀಕರಣವೂ ಹಾಗೆಯೇ ವಿಫಲವಾಗಬಹುದು. ಪ್ರಕಾಶಕರ ಎಚ್ಚರಿಕೆಯ ಇ-ಮೇಲ್ ಬೇಡದ ಪತ್ರಗಳ ಪೆಟ್ಟಿಗೆಗೆ ಬಿದ್ದರೆ ಓದುಗರಿಗೆ ತಿಳಿಯುವುದು ಎರಡು ಸಂಚಿಕೆ ತಪ್ಪಿದ ಮೇಲೆಯೇ. ವಿದೇಶಿ ಚಂದಾವನ್ನು ಪ್ರತಿವರ್ಷ ಸ್ವತಃ ನವೀಕರಿಸುವುದೇ ಉತ್ತಮ.

ಚಂದಾದ ಸ್ವರೂಪವೇ ಬದಲಾಗಿರುವ ಸಾಧ್ಯತೆಯೂ ಇದೆ. ಅಮೆರಿಕನ್ ರೇಡಿಯೋ ರಿಲೇ ಲೀಗ್ ತನ್ನ ಕ್ಯೂಎಸ್‌ಟಿ ಪತ್ರಿಕೆಯ ಮುದ್ರಿತ ಪ್ರತಿಗೆ 2024ರಿಂದ ಸದಸ್ಯತ್ವ ಶುಲ್ಕವಲ್ಲದೆ ಪ್ರತ್ಯೇಕ ಹಣ ಕೇಳತೊಡಗಿತು. ಹಳೆಯ ರೂಢಿಯಂತೆ ಸದಸ್ಯತ್ವವನ್ನಷ್ಟೇ ನವೀಕರಿಸಿದವರಿಗೆ ಡಿಜಿಟಲ್ ಆವೃತ್ತಿ ಮಾತ್ರ ದಕ್ಕುತ್ತದೆ. ಇಲ್ಲಿ ಸಂಚಿಕೆ ಕಾಣೆಯಾಗಿಲ್ಲ, ಹೊರಟೇ ಇಲ್ಲ. ಮಾಲೀಕತ್ವ ಬದಲಾದಾಗಲೂ ಎಚ್ಚರ ಬೇಕು. ಆಸ್ಟ್ರಾನಮಿ, ಮಾಡೆಲ್ ರೈಲ್‌ರೋಡರ್ ಪತ್ರಿಕೆಗಳು 2024ರಲ್ಲಿ ಕಾಲ್ಮ್‌ಬಾಕ್ ಸಂಸ್ಥೆಯಿಂದ ಫೈರ್‌ಕ್ರೌನ್ ಸಂಸ್ಥೆಯ ಕೈಗೆ ಬಂದವು. ಇಂಥ ಸಂದರ್ಭದಲ್ಲಿ ಹಳೆಯ ವಿಳಾಸಕ್ಕೆ ಬರೆದ ದೂರು ಎಲ್ಲಿಗೂ ತಲುಪದೆ ಹೋಗಬಹುದು. ತೀರಾ ಇತ್ತೀಚಿನ ಸಂಚಿಕೆಯಲ್ಲಿ ಅಚ್ಚಾದ ವಿಳಾಸವನ್ನೇ ಬಳಸಬೇಕು.

ದೂರು ಯಾರಿಗೆ, ಹೇಗೆ?

ಮೊದಲ ದೂರು ಪ್ರಕಾಶಕರ ಚಂದಾ ವಿಭಾಗಕ್ಕೇ ಹೋಗಬೇಕು. ಮಧ್ಯವರ್ತಿ ಏಜೆಂಟರ ಮೂಲಕ ಹಣ ಕಟ್ಟಿದ್ದರೆ ಏಜೆಂಟರಿಗೆ ಬರೆಯಬೇಕು, ಏಕೆಂದರೆ ಪ್ರಕಾಶಕರ ದಾಖಲೆಯಲ್ಲಿ ಹಣ ಕೊಟ್ಟವರು ಅವರೇ. ಸಂಪಾದಕರಿಗೆ ಬರೆದ ಪತ್ರ ಸುತ್ತಿ ಬಳಸಿ ಅದೇ ವಿಭಾಗಕ್ಕೆ ಬರುತ್ತದೆ. ಅಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ.

ಪತ್ರ ಚಿಕ್ಕದಾಗಿರಲಿ. ಹೆಸರು, ಚಂದಾ ಸಂಖ್ಯೆ, ಪೂರ್ಣ ವಿಳಾಸ, ಪತ್ರಿಕೆಯ ಹೆಸರು, ಕಾಣೆಯಾದ ಸಂಪುಟ ಮತ್ತು ಸಂಚಿಕೆಯ ಸಂಖ್ಯೆ, ಅದರ ಹಿಂದಿನ ಹಾಗೂ ಮುಂದಿನ ಸಂಚಿಕೆ ಬಂದ ದಿನಾಂಕ, ಹಣ ಕಟ್ಟಿದ ದಿನಾಂಕ, ಇಷ್ಟು ಸಾಕು. ವಿಳಾಸ ಚೀಟಿಯ ಛಾಯಾಚಿತ್ರವನ್ನು ಲಗತ್ತಿಸಿದರೆ ಇನ್ನೂ ಒಳ್ಳೆಯದು. ದಾಖಲೆಯಲ್ಲಿರುವ ವಿಳಾಸವನ್ನು ಓದಿ ಹೇಳುವಂತೆ ಕೇಳುವುದನ್ನು ಮರೆಯಬಾರದು. ಏನು ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ತಿಳಿಸಬೇಕು. ಕೋಪದ ಮಾತುಗಳಿಂದ ಪ್ರಯೋಜನವಿಲ್ಲ. ಪತ್ರ ಓದುವ ನೌಕರರಿಗೆ ಪತ್ರಿಕೆ ಕಳೆದ ಬಗೆ ಗೊತ್ತಿರುವುದಿಲ್ಲ.

ಸಮಯದ ಮಿತಿ ಇಲ್ಲಿ ಬಹು ಮುಖ್ಯ. ಇಂತಿಷ್ಟು ದಿನಗಳೊಳಗೆ ತಿಳಿಸಿದರೆ ಮಾತ್ರ ಬದಲಿ ಸಂಚಿಕೆ ಎಂಬ ನಿಯಮ ಬಹುತೇಕ ಪ್ರಕಾಶಕರಲ್ಲಿದೆ. ಈ ಮಿತಿ ಪತ್ರಿಕೆಯಿಂದ ಪತ್ರಿಕೆಗೆ ಭಿನ್ನ. ಚಂದಾ ಕಟ್ಟುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ನಿಯಮಕ್ಕೆ ಕಾರಣವೂ ಇದೆ: ಹೆಚ್ಚುವರಿ ಪ್ರತಿಗಳನ್ನು ಮುದ್ರಿಸುವುದು ಸ್ವಲ್ಪ ಮಾತ್ರ, ಅವು ಕೆಲವು ತಿಂಗಳಲ್ಲಿ ಮುಗಿದುಹೋಗುತ್ತವೆ. ವರ್ಷದ ಕೊನೆಯಲ್ಲಿ ರಟ್ಟು ಹಾಕಿಸಲು ಹೊರಟಾಗ ಮಾರ್ಚ್ ಸಂಚಿಕೆ ಇಲ್ಲವೆಂದು ಕಂಡುಕೊಂಡವರು ಸಾಮಾನ್ಯವಾಗಿ ಬರಿಗೈಯಲ್ಲಿ ಉಳಿಯುತ್ತಾರೆ.

ಬದಲಿ ಪ್ರತಿಯೋ, ಅವಧಿ ವಿಸ್ತರಣೆಯೋ?

ಪ್ರಕಾಶಕರು ಮೂರು ಪರಿಹಾರಗಳಲ್ಲಿ ಒಂದನ್ನು ಸೂಚಿಸುತ್ತಾರೆ: ಅದೇ ಸಂಚಿಕೆಯ ಬದಲಿ ಪ್ರತಿ, ಚಂದಾ ಅವಧಿಯನ್ನು ಒಂದು ಸಂಚಿಕೆಯಷ್ಟು ಮುಂದುವರಿಸುವುದು ಅಥವಾ ಆ ಸಂಚಿಕೆಯ ಡಿಜಿಟಲ್ ಪ್ರತಿ. ಅವಧಿ ವಿಸ್ತರಣೆ ಅವರಿಗೆ ಸುಲಭ. ಆದರೆ ಅದರಿಂದ ಓದುಗರ ಹಣ ಸರಿಹೋಗುತ್ತದೆಯೇ ಹೊರತು ಸಂಪುಟದ ತೆರಪು ತುಂಬುವುದಿಲ್ಲ. ಸಂಗ್ರಹವಿಡುವವರು ಬದಲಿ ಪ್ರತಿಯನ್ನೇ ಕೇಳಬೇಕು. ಓದಿ ಬಿಡುವವರಿಗೆ ಡಿಜಿಟಲ್ ಪ್ರತಿ ಬೇಗ ಸಿಗುವ ಪರಿಹಾರ.

ಬದಲಿ ಪ್ರತಿ ಅದೇ ಹಾದಿಯಲ್ಲಿ ಬಂದು ಮತ್ತೆ ಕಾಣೆಯಾಗಬಹುದು. ಲಕೋಟೆಯಲ್ಲಿಟ್ಟು ಕಳುಹಿಸುವಂತೆ ಕೋರಬಹುದು. ಪದೇ ಪದೇ ಸಂಚಿಕೆ ತಪ್ಪುತ್ತಿದ್ದರೆ ಅಂಚೆ ಕಚೇರಿಯಲ್ಲಿ ಬಾಡಿಗೆಗೆ ದೊರೆಯುವ ಪೋಸ್ಟ್ ಬಾಕ್ಸ್ ಅಥವಾ ಕೆಲಸದ ಕಚೇರಿಯ ವಿಳಾಸ ಕೊಡುವುದು ಪರೀಕ್ಷಿಸಿ ನೋಡಬೇಕಾದ ಉಪಾಯ. ವಿಳಾಸ ಬದಲಾದ ಮೇಲೆ ಸಂಚಿಕೆಗಳು ಸರಿಯಾಗಿ ಬಂದರೆ ದೋಷ ಹಿಂದಿನ ಬಟವಾಡೆಯಲ್ಲಿತ್ತೆಂದು ತಿಳಿಯಬಹುದು.

ಅಂಚೆ ಇಲಾಖೆಯಿಂದ ಏನು ಸಾಧ್ಯ?

ಗುರುತಿನ ಸಂಖ್ಯೆ ಇಲ್ಲದ ವಸ್ತುವನ್ನು ಹುಡುಕಿಕೊಡುವುದು ಅಂಚೆ ಇಲಾಖೆಗೆ ಅಸಾಧ್ಯವೆಂದೇ ಹೇಳಬೇಕು. ಕಾನೂನು ಸಹ ಇಲಾಖೆಯ ಹೊಣೆಯನ್ನು ಮಿತಗೊಳಿಸಿದೆ. 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯಲ್ಲಿ ಈ ರಕ್ಷಣೆ ಇತ್ತು. ಅದರ ಸ್ಥಾನದಲ್ಲಿ 2024ರ ಜೂನ್ 18ರಂದು ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯಿದೆಯಲ್ಲಿಯೂ, ನಿಯಮಗಳಲ್ಲಿ ಸೂಚಿಸಿದಷ್ಟು ಮಾತ್ರ ಹೊಣೆ ಎಂಬ ತತ್ತ್ವ ಮುಂದುವರಿದಿದೆ.

ಹಾಗೆಂದು ಸುಮ್ಮನಿರಬೇಕಾಗಿಲ್ಲ. ಬಡಾವಣೆಯ ಅಂಚೆಯವನನ್ನು ಹಾಗೂ ಬಟವಾಡೆ ಕಚೇರಿಯ ಪೋಸ್ಟ್‌ಮಾಸ್ಟರನ್ನು ಭೇಟಿ ಮಾಡಿ ಇಂಥ ಪತ್ರಿಕೆ ಬರುತ್ತದೆಂದು ತಿಳಿಸುವುದರಿಂದ ಅನುಕೂಲವಿದೆ. ಅಪಾರ್ಟ್‌ಮೆಂಟುಗಳಲ್ಲಿ ಕಾವಲುಗಾರರ ಕೊಠಡಿಯನ್ನು, ಹಿಂದಿನ ಬಾಡಿಗೆದಾರರ ಅಂಚೆ ಬೀಳುವ ಪೆಟ್ಟಿಗೆಯನ್ನು ನೋಡಬೇಕು. ಪತ್ರಿಕೆ ಮಡಿಸದೆ ಹಿಡಿಯುವಷ್ಟು ದೊಡ್ಡದಾದ, ಮಳೆ ನೀರು ಸೇರದ, ಬೀಗವಿರುವ ಅಂಚೆ ಪೆಟ್ಟಿಗೆಯೂ ಅಗತ್ಯ. ಬಟವಾಡೆಯ ಬಗ್ಗೆ ನಿರ್ದಿಷ್ಟ ದೂರಿದ್ದರೆ ಇಲಾಖೆಯ ಉಚಿತ ದೂರವಾಣಿ 1800 266 6868ಕ್ಕೆ ಕರೆ ಮಾಡಬಹುದು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ನೋಂದಾಯಿತ ಅಂಚೆಯಲ್ಲಿ ಬಂದ ಪತ್ರಿಕೆಯಾದರೆ ವಿಚಾರಣೆಗೆ ಅಂತರರಾಷ್ಟ್ರೀಯ ನಿಯಮದಂತೆ ಆರು ತಿಂಗಳ ಅವಕಾಶವಿದ್ದು, ಸಾಮಾನ್ಯವಾಗಿ ಕಳುಹಿಸಿದವರೇ ತಮ್ಮ ದೇಶದಲ್ಲಿ ಅದನ್ನು ಆರಂಭಿಸಬೇಕಾಗುತ್ತದೆ.

ಪತ್ರಿಕೆಯೇ ನಿಂತುಹೋದರೆ

ಹವ್ಯಾಸ ಪತ್ರಿಕೆಗಳಿಗೆ ಇದು ಕಷ್ಟದ ಕಾಲ. ರೇಡಿಯೋ ಹವ್ಯಾಸಿಗಳ ಪತ್ರಿಕೆಗಳಲ್ಲಿ 1960ರಲ್ಲಿ ಆರಂಭವಾದ ಸೆವೆಂಟಿ ತ್ರೀ 2003ರಲ್ಲಿ ನಿಂತಿತು. 1945ರಿಂದ ಬರುತ್ತಿದ್ದ ಸಿಕ್ಯೂ ಪ್ರಕಟಣೆ 2023ರಲ್ಲಿ ನಿಂತಿತು. ತೋಟದ ಮಾದರಿ ರೈಲುಗಳ ಪತ್ರಿಕೆ ಗಾರ್ಡನ್ ರೈಲ್ವೇಸ್ 2020ರಲ್ಲಿ ಕೊನೆಗೊಂಡಿತು. ಪತ್ರಿಕೆ ನಿಂತಾಗ ಉಳಿದ ಅವಧಿಗೆ ಅದೇ ಸಂಸ್ಥೆಯ ಬೇರೊಂದು ಪತ್ರಿಕೆ ಕಳುಹಿಸುವುದೋ, ಹಣ ಹಿಂದಿರುಗಿಸುವುದೋ ಸಂಸ್ಥೆಯ ಸ್ಥಿತಿಯನ್ನು ಅವಲಂಬಿಸಿದೆ. ಸಂಸ್ಥೆಯೇ ಮುಚ್ಚಿದರೆ ಚಂದಾದಾರರಿಗೆ ಹಣ ಮರಳುವ ಭರವಸೆ ಕಡಿಮೆ. ಎರಡು-ಮೂರು ವರ್ಷದ ಚಂದಾಕ್ಕೆ ರಿಯಾಯಿತಿ ಕಂಡು ಮಾರುಹೋಗುವ ಮುನ್ನ ಇದನ್ನು ನೆನೆಯಬೇಕು.

ಉತ್ತರವೇ ಬಾರದಿದ್ದಲ್ಲಿ ಕ್ರೆಡಿಟ್ ಕಾರ್ಡಿನಿಂದ ಕಟ್ಟಿದವರಿಗೆ ಒಂದು ಮಾರ್ಗವಿದೆ. ಸರಕು ತಲುಪಿಲ್ಲವೆಂದು ಬ್ಯಾಂಕಿಗೆ ಆಕ್ಷೇಪ ಸಲ್ಲಿಸಬಹುದು. ಇದಕ್ಕೆ ಸಾಮಾನ್ಯವಾಗಿ, ಸರಕು ತಲುಪಬೇಕಿದ್ದ ದಿನದಿಂದ 120 ದಿನಗಳ ಮಿತಿ ಇದೆ. ಬರೆದ ಪತ್ರಗಳ ಪ್ರತಿ, ಬಂದ ಸಂಚಿಕೆಗಳ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಒಂದೇ ಸಂಚಿಕೆ ತಪ್ಪಿದ್ದಕ್ಕೆ ಈ ಅಸ್ತ್ರವನ್ನು ಬಳಸುವುದು ತರವಲ್ಲ. ಪ್ರಕಾಶಕರು ಚಂದಾವನ್ನೇ ರದ್ದುಪಡಿಸಬಹುದು. ವಿದೇಶಿ ಕಾನೂನಿನ ನೆರವೂ ಸೀಮಿತ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಂಚೆ ಮೂಲಕ ಮಾರುವ ಸರಕಿಗೆ ರೂಪಿಸಿದ ನಿಯಮ ಪತ್ರಿಕೆಯ ಚಂದಾದಲ್ಲಿ ಮೊದಲ ಸಂಚಿಕೆಗೆ ಮಾತ್ರ ಅನ್ವಯಿಸುತ್ತದೆ, ನಂತರದ ಸಂಚಿಕೆಗಳಿಗಲ್ಲ.

ಸಂಕ್ಷೇಪವಾಗಿ

- ಸಂಪುಟ, ಸಂಚಿಕೆ, ಬಂದ ದಿನಾಂಕಗಳ ಲೆಕ್ಕವಿಡಿ. ಹೊದಿಕೆಯ ವಿಳಾಸ ಚೀಟಿ ಉಳಿಸಿಕೊಳ್ಳಿ.
- ಅಂಚೆಗೆ ಹಾಕಿದ ದಿನದಿಂದ ಎಂಟು ವಾರ ಕಾಯಿರಿ; ಪ್ರಕಾಶಕರ ಮಿತಿ ಮುಗಿಯುವವರೆಗೆ ಕಾಯಬೇಡಿ.
- ಚಂದಾ ಜಾರಿಯಲ್ಲಿದೆಯೇ, ಪಿನ್‌ಕೋಡ್ ಸರಿಯಿದೆಯೇ ಎಂದು ಮೊದಲು ನೋಡಿ.
- ದೂರು ಮೊದಲು ಚಂದಾ ವಿಭಾಗಕ್ಕೆ. ಸ್ಥಳೀಯ ಬಟವಾಡೆಯ ಸಂಶಯವಿದ್ದರೆ ಪೋಸ್ಟ್‌ಮಾಸ್ಟರ್‌ಗೆ.
- ಸಂಗ್ರಹಕ್ಕಾದರೆ ಬದಲಿ ಪ್ರತಿಯನ್ನೇ ಕೇಳಿ. ಸಿಗದಿದ್ದರೆ ಹಳೆಯ ಸಂಚಿಕೆ ಮಾರುವವರಲ್ಲಿ, ಹವ್ಯಾಸಿ ಸಂಘಗಳಲ್ಲಿ ವಿಚಾರಿಸಿ.
- ಚಂದಾ ಒಂದು ವರ್ಷಕ್ಕಷ್ಟೇ ಇರಲಿ.